ಮಳೆನಾಡಿನಿಂದ ಮರುಭೂಮಿಗೆ: ಫೀನಿಕ್ಸ್ ಹೊರವಲಯದಲ್ಲಿ ಮನೆ ಹಿಡಿದ ಅನುಭವ

ಅಮೆರಿಕದ ಫೀನಿಕ್ಸ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 7 ಇಂಚು. ಕೊಡಗಿನ ತೋಟಗಾರರು ಇಂದಿಗೂ ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುವುದರಿಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗಮಂಡಲದ ಕಡೆ ಆಷಾಢದ ಒಂದೇ ದಿನದಲ್ಲಿ ಅಷ್ಟು ಸುರಿಯುವುದುಂಟು. ಅಂಥ ಒಣ ಊರಿಗೆ ಸಂಸಾರ ಸಮೇತ ಹೋಗುವಾಗ ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕೆಂಬುದನ್ನು ನಾನು ಸೋಮವಾರಪೇಟೆ ಬಳಿಯ ತೋಟದ ಮನೆಯಲ್ಲಿ ಕುಳಿತೇ ತೀರ್ಮಾನಿಸಬೇಕಾಯಿತು. ಈಗ ಬಂದು ನೆಲೆಸಿದ್ದೇವೆ. ನಮ್ಮ ಪರಿಚಯದ ಇನ್ನೂ ಎರಡು ಕುಟುಂಬಗಳು ಹೊರಡುವ ತಯಾರಿಯಲ್ಲಿವೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದಕ್ಕಿಂತ ಒಮ್ಮೆ ಕೂತು ಬರೆದರೆ ಅವರಿಗೂ ಬೇರೆಯವರಿಗೂ ಉಪಯೋಗವಾದೀತು ಎನಿಸಿತು.

ಇವರು, ಅಂದರೆ ನನ್ನ ಗಂಡ, ಚಿಪ್ ತಯಾರಿಸುವ ಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದಾರೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಊರಿಗೆ ಬಂದು ಹೋಗುತ್ತಿದ್ದರು. ನಾನು ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಂಪನಿ ಇವರನ್ನು ಅರಿಜೋನಾಕ್ಕೆ ವರ್ಗ ಮಾಡಿದಾಗ ಜನವರಿ ಕೊನೆಯಲ್ಲಿ ಒಬ್ಬರೇ ಹೊರಟರು. ಕೆಲಸದ ಜಾಗ ಫೀನಿಕ್ಸ್‌ಗೆ ಆಗ್ನೇಯದಲ್ಲಿರುವ ಚಾಂಡ್ಲರ್ ಊರಿನ ದಕ್ಷಿಣ ಭಾಗದಲ್ಲಿತ್ತು. ಕಂಪನಿ ಕೊಟ್ಟಿದ್ದ ತಾತ್ಕಾಲಿಕ ವಸತಿ ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು. ನಾಲ್ಕನೆಯ ತರಗತಿಯ ಮಗಳ ಪರೀಕ್ಷೆ, ಐದು ತುಂಬಲಿದ್ದ ಮಗನ ಲಸಿಕೆ, ವೀಸಾ ಎಲ್ಲ ಮುಗಿಸಿಕೊಂಡು ನಾವು ಜುಲೈಗೆ ಸೇರಿಕೊಳ್ಳುವುದೆಂದು ಮಾತಾಗಿತ್ತು. ಅಂದರೆ ಮನೆಯ ಕರಾರು ಏಪ್ರಿಲ್‌ನಲ್ಲೇ ಆಗಬೇಕು, ಅದನ್ನು ನಾನು ಕಣ್ಣಾರೆ ನೋಡದೆಯೇ ಒಪ್ಪಬೇಕು.

ಅರಿಜೋನಾದಲ್ಲಿ, ನವಾಹೋ ಜನರ ನಾಡೊಂದನ್ನು ಬಿಟ್ಟರೆ, ಬೇಸಿಗೆ ಬಂತೆಂದು ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಇಲ್ಲ. ಹಾಗಾಗಿ ನಮಗೂ ಅವರಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ. ನಮ್ಮ ಬೆಳಗಿನ ಆರು ಗಂಟೆ ಎಂದರೆ ಅವರಿಗೆ ಹಿಂದಿನ ದಿನದ ಸಂಜೆ ಐದೂವರೆ. ಕೆಲಸ ಮುಗಿಸಿ ಇವರು ಒಂದೊಂದು ಬಡಾವಣೆಗೆ ಕಾರು ಓಡಿಸಿಕೊಂಡು ಹೋಗಿ ವಿಡಿಯೊ ಕರೆ ಮಾಡುವುದು, ನಾನು ಕಾಫಿ ಕಣದ ಮೇಲಿನ ಮೂಲೆಯಲ್ಲಿ ನಿಂತು ನೋಡುವುದು. ಮನೆಯೊಳಗೆ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಮಾರ್ಚಿನಲ್ಲಿ ಗುಡುಗು ಶುರುವಾದ ಮೇಲಂತೂ ಕರೆಂಟು ಹೋದರೆ ಟವರೂ ಹೋಗುತ್ತಿತ್ತು. ನಾಳೆಯೊಳಗೆ ಉತ್ತರ ಕೊಡಿ ಎಂದು ಮನೆಯ ಏಜೆಂಟ್ ಒತ್ತಾಯಿಸುತ್ತಿದ್ದಾಗ ಇಲ್ಲಿ ಫೋನು ಸತ್ತು ಮಲಗಿದ್ದರೆ ಆಗುವ ಸಂಕಟ ಅಷ್ಟಿಷ್ಟಲ್ಲ. ಹೊರಡುವವರಿಗೆ ಮೊದಲ ಸಲಹೆ: ಇಬ್ಬರಲ್ಲಿ ಯಾರು ಅಲ್ಲಿರುತ್ತಾರೋ ಅವರಿಗೆ ಇಂತಿಷ್ಟು ಬಾಡಿಗೆಯೊಳಗೆ, ಇಂತಿಂಥ ಷರತ್ತು ಸರಿಯಿದ್ದರೆ ಕೇಳದೆಯೇ ಒಪ್ಪಿಕೊಳ್ಳಿ ಎಂದು ಮೊದಲೇ ಹೇಳಿಬಿಡಿ.

ಹಾಗೆ ಹೇಳಬೇಕಾದರೆ ಷರತ್ತುಗಳೇನು ಎಂದು ನಮಗೆ ತಿಳಿದಿರಬೇಕಲ್ಲವೇ? ಅಲ್ಲಿ ನೆಲೆಸಿದ ಕನ್ನಡಿಗರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಚಾಂಡ್ಲರ್ ಅಥವಾ ಗಿಲ್ಬರ್ಟ್, ಶಾಲೆಗೆ ಕೊಟ್ಟಿರುವ ಅಂಕ (ರೇಟಿಂಗ್) ನೋಡಿ ಹಿಡಿದುಬಿಡಿ. ಈ ಸಲಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ಫೀನಿಕ್ಸ್ ಎಂದರೆ ಒಂದು ನಗರವಲ್ಲ, ಒಂದಕ್ಕೊಂದು ಅಂಟಿಕೊಂಡ ಊರುಗಳ ಹರವು. ಮೇಸಾ, ಟೆಂಪಿ, ಸ್ಕಾಟ್ಸ್‌ಡೇಲ್, ಗ್ಲೆಂಡೇಲ್, ಪಿಯೋರಿಯಾ, ಕ್ವೀನ್ ಕ್ರೀಕ್ ಎಲ್ಲ ಸೇರಿ ಅಲ್ಲಿ ಸುಮಾರು 50 ಲಕ್ಷ ಜನರಿದ್ದಾರೆ. ಒಂದೇ ಊರಿನೊಳಗೇ ಒಂದು ಬೀದಿ ನೆರಳಿನಲ್ಲಿ ತಣ್ಣಗಿದ್ದರೆ ಇನ್ನೊಂದು ಬೀದಿ ಬರೀ ಜಲ್ಲಿಕಲ್ಲು. ಊರಿನ ಹೆಸರು ಕೇಳಿ ತೀರ್ಮಾನಿಸಿದರೆ ಏನೂ ತಿಳಿಯುವುದಿಲ್ಲ.

ಮೊದಲು ಬಿಟ್ಟುಕೊಟ್ಟದ್ದು ಮಾರಿಕೋಪಾ ಎಂಬ ಪಟ್ಟಣವನ್ನು. ಅಲ್ಲಿ ಮಹಾಗಣಪತಿ ದೇವಸ್ಥಾನವಿದೆ, ಮನೆಗಳು ಹೊಸವು, ಬಾಡಿಗೆಯೂ ಕಡಿಮೆ. ಅತ್ತೆಗೆ ಅದೇ ಮನಸ್ಸಿನಲ್ಲಿ ಕೂತಿತ್ತು. ದೇವಸ್ಥಾನದ ಹತ್ತಿರವಿದ್ದರೆ ಮಕ್ಕಳಿಗೆ ನಮ್ಮದೆಂಬುದು ಏನಾದರೂ ಉಳಿಯುತ್ತದೆ ಎಂಬ ಆಸೆ ಅವರದು. ಆದರೆ ಅಲ್ಲಿಂದ ಫೀನಿಕ್ಸ್ ಕಡೆಗೆ ಬರಲು ಜನ ನೆಚ್ಚಿಕೊಂಡಿರುವುದು 347ನೆಯ ಸಂಖ್ಯೆಯ ಒಂದೇ ರಾಜ್ಯ ಹೆದ್ದಾರಿಯನ್ನು. ಇವರು ಬೇಕೆಂದೇ ಕೆಲಸದ ದಿನ ಬೆಳಿಗ್ಗೆ ಆ ದಾರಿಯಲ್ಲಿ ಹೋಗಿ ನೋಡಿದರು. ಒಂದು ಅಪಘಾತವಾದರೆ ಊರಿಗೆ ಊರೇ ನಿಲ್ಲುತ್ತದೆ. ಪಾಳಿ ಕೆಲಸದವರಿಗೆ ಅದು ಆಗದ ಮಾತು. ಅತ್ತೆಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಬೇಸರವಾಯಿತು. ನೀವು ಯಾವ ಬಡಾವಣೆ ನೋಡಿದರೂ ಅಲ್ಲಿಂದ ಕೆಲಸಕ್ಕೆ ಹೋಗುವ ದಾರಿಯನ್ನು ಕೆಲಸಕ್ಕೆ ಹೋಗುವ ಹೊತ್ತಿನಲ್ಲೇ ಓಡಿಸಿ ನೋಡಿ. ಭಾನುವಾರ ನೋಡಿದರೆ ಅದು ಬೇರೆಯೇ ಊರು.

ಎರಡನೆಯದು ಕ್ವೀನ್ ಕ್ರೀಕ್ ಕಡೆಯ ಹೊಸ ಬಡಾವಣೆಗಳು. ದೊಡ್ಡ ಮನೆ, ಹೊಸ ಅಡುಗೆಮನೆ, ಮಕ್ಕಳಿಗೆ ಬೇರೆ ಬೇರೆ ಕೋಣೆ. ನಮಗಿಬ್ಬರಿಗೂ ಆಸೆ ಹುಟ್ಟಿತ್ತು. ಆಗ ಪಕ್ಕದಲ್ಲಿ ಕಾಫಿ ಹರವುತ್ತಿದ್ದ ಮಾವ ಫೋನಿಗೆ ಬಗ್ಗಿ, “ಅಲ್ಲಿ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದರು. ಇವರಿಗೆ ಉತ್ತರ ಗೊತ್ತಿರಲಿಲ್ಲ. ಮಾವ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯ ಕೊನೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಎತ್ತಿ ಹೂ ಅರಳಿಸಿದವರು. ನೀರಿನ ಮೂಲ ತಿಳಿಯದೆ ಜಾಗ ಒಪ್ಪುವುದು ಅವರಿಗೆ ಊಹೆಗೂ ಮೀರಿದ ಸಂಗತಿ. ಅವರ ಆ ಪ್ರಶ್ನೆಯೇ ನಮ್ಮ ಹುಡುಕಾಟದ ದಾರಿಯನ್ನು ಬದಲಿಸಿತು.

ಅಲ್ಲಿಂದ ನಾನು ಓದಲು ಕೂತೆ. ಫೀನಿಕ್ಸ್ ಸೀಮೆಗೆ ನೀರು ಬರುವುದು ಮುಖ್ಯವಾಗಿ ಮೂರು ಕಡೆಯಿಂದ. ಪೂರ್ವ ಮತ್ತು ಉತ್ತರದ ಬೆಟ್ಟಗಳಿಂದ ಇಳಿಯುವ ಸಾಲ್ಟ್ ಮತ್ತು ವರ್ಡಿ ನದಿಗಳದು ಒಂದು. ಕೊಲೊರಾಡೊ ನದಿಯಿಂದ 336 ಮೈಲಿ, ಅಂದರೆ ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬರುವುದು ಇನ್ನೊಂದು. ಮೂರನೆಯದು ಅಂತರ್ಜಲ. 1980ರ ಅಂತರ್ಜಲ ಕಾನೂನಿನ ಬಲದಿಂದ, ಅಲ್ಲಿ ಹೊಸ ಬಡಾವಣೆ ಮಾಡುವವರು 100 ವರ್ಷಕ್ಕೆ ಸಾಲುವಷ್ಟು ನೀರು ಇದೆಯೆಂದು ತೋರಿಸಬೇಕು. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ, ಅಂತರ್ಜಲವೊಂದನ್ನೇ ನೆಚ್ಚಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಪ್ರದೇಶದಲ್ಲಿ ಅಷ್ಟು ನೀರಿದೆಯೆಂಬ ಪ್ರಮಾಣಪತ್ರವನ್ನು ಇನ್ನು ಕೊಡುವುದಿಲ್ಲ ಎಂದು ಸಾರಿತು. ಅದಕ್ಕೂ ಮೊದಲು, ಅದೇ ವರ್ಷದ ಜನವರಿ 1ರಿಂದ ಸ್ಕಾಟ್ಸ್‌ಡೇಲ್ ನಗರವು ತನ್ನ ಗಡಿಯಾಚೆಯ ರಿಯೊ ವರ್ಡಿ ಫುಟ್‌ಹಿಲ್ಸ್ ಎಂಬ ಬಡಾವಣೆಗೆ ಟ್ಯಾಂಕರ್ ನೀರು ತುಂಬಿಸಿಕೊಡುವುದನ್ನು ನಿಲ್ಲಿಸಿತ್ತು. ನೂರಾರು ಮನೆಗಳು ಹನಿ ಹನಿಗೆ ಪರದಾಡಿದವು. ಅವೂ ಒಳ್ಳೆಯ ಮನೆಗಳೇ. ನಗರದ ಗಡಿಗೆರೆಯಿಂದ ಆಚೆ ಇದ್ದವು ಅಷ್ಟೇ.

ಕ್ವೀನ್ ಕ್ರೀಕ್‌ನಲ್ಲಿ ನಲ್ಲಿ ಬತ್ತುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ಥಾಪಿತ ಪಟ್ಟಣಗಳಿಗೆಲ್ಲ ತಮ್ಮದೇ ವ್ಯವಸ್ಥೆ ಇದೆ. ಆದರೆ ನದಿ ನೀರು, ಕಾಲುವೆ ನೀರು, ಅಂತರ್ಜಲ ಮೂರೂ ಕೈಯಲ್ಲಿರುವ ಹಳೆಯ ಊರುಗಳಾದ ಚಾಂಡ್ಲರ್, ಟೆಂಪಿ, ಮೇಸಾ, ಗಿಲ್ಬರ್ಟ್ ನಮಗೆ ಹೆಚ್ಚು ನೆಮ್ಮದಿ ಎನಿಸಿದವು. ಮನೆ ನೋಡುವಾಗ ಒಂದೇ ಪ್ರಶ್ನೆ ಕೇಳಿ: ನೀರಿನ ಬಿಲ್ ಕಳಿಸುವವರು ಯಾರು, ನಗರಸಭೆಯೋ ಖಾಸಗಿ ಕಂಪನಿಯೋ? ಅಂಚೆ ವಿಳಾಸದಲ್ಲಿ ಊರಿನ ಹೆಸರಿದ್ದ ಮಾತ್ರಕ್ಕೆ ಆ ಮನೆ ಊರಿನ ಗಡಿಯೊಳಗಿದೆ ಎಂದು ನಂಬಬೇಡಿ. ಸುತ್ತಲೂ ನಗರವಿದ್ದು ನಡುವೆ ಕೌಂಟಿಯ (ನಮ್ಮ ಜಿಲ್ಲೆಯಂಥದು) ಆಡಳಿತಕ್ಕೆ ಉಳಿದ ತುಂಡು ಜಾಗಗಳು ಅಲ್ಲಿ ಬೇಕಾದಷ್ಟಿವೆ.

ಮುಂದಿನ ಕಗ್ಗಂಟು ದಿಕ್ಕಿನದು. ಬಾಗಿಲು ಪೂರ್ವಕ್ಕೇ ಇರಬೇಕು ಎಂದು ಮಾವ ಪಟ್ಟು ಹಿಡಿದಿದ್ದರು. ಅಲ್ಲಿನ ಮನೆಗಳ ವಿನ್ಯಾಸದಲ್ಲಿ ಮುಂಬಾಗಿಲ ನೇರಕ್ಕೆ ಹಿತ್ತಿಲ ಕಡೆ ದೊಡ್ಡ ಗಾಜಿನ ಜಾರುಬಾಗಿಲು ಇರುತ್ತದೆ. ಪೂರ್ವಕ್ಕೆ ಮುಂಬಾಗಿಲಾದರೆ ಆ ಗಾಜು ಪಶ್ಚಿಮಕ್ಕೆ. ಅಂಥದೊಂದು ಮನೆಯನ್ನು ಇವರು ಏಪ್ರಿಲ್ ಮೊದಲ ವಾರದ ಸಂಜೆ ತೋರಿಸಿದರು. ಹೊರಗೆ ಹವೆ ಹಿತವಾಗಿತ್ತಂತೆ. ಆದರೆ ಆ ಗಾಜಿಗೆ ಅಂಗೈ ಒತ್ತಿ ಸರಕ್ಕನೆ ಹಿಂದೆಗೆದರು. ಪಕ್ಕದ ಸೋಫಾದ ಬಟ್ಟೆ ಬಿಸಿಲು ಬೀಳುವಷ್ಟು ಜಾಗದಲ್ಲಿ ಮಾತ್ರ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಏಪ್ರಿಲ್‌ನಲ್ಲೇ ಹೀಗಾದರೆ ಜುಲೈನಲ್ಲಿ ಏನು ಗತಿ? 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ದಾಟಿತ್ತು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ (ಮೊದಲು ಹೇಳಿದ ಮಾರಿಕೋಪಾ ಪಟ್ಟಣ ಬೇರೆ) ಬಿಸಿಲಿನ ಕಾರಣದಿಂದ 645 ಜನ ಸತ್ತರೆಂದು ಕೌಂಟಿಯೇ ದಾಖಲಿಸಿದೆ. ಸೆಖೆ ಎನ್ನುವ ನಮ್ಮ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ಅಲ್ಲಿನ ಮನೆ ಜಾಹೀರಾತುಗಳಲ್ಲಿ ಉತ್ತರ-ದಕ್ಷಿಣ ಮುಖದ ಮನೆ ಎಂದು ವಿಶೇಷವಾಗಿ ಬರೆದಿರುವುದೇಕೆ ಎಂದು ನನಗೆ ಆಗ ತಿಳಿಯಿತು. ಉತ್ತರಕ್ಕೆ ಬಾಗಿಲು, ದಕ್ಷಿಣಕ್ಕೆ ಹಿತ್ತಿಲು, ಹಿತ್ತಿಲಿಗೆ ಚಾವಣಿಯ ನೆರಳು ಇದ್ದರೆ ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಸೂರ್ಯ ಒಳಗೆ ಇಣುಕುವುದಿಲ್ಲ, ಪಶ್ಚಿಮದ ಗೋಡೆಯಲ್ಲಿ ಕಿಟಕಿಗಳೂ ಕಡಿಮೆ. ಮಾವನಿಗೆ ಸೂರ್ಯನ ದಾರಿಯನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. “ಉತ್ತರ ಕುಬೇರನ ದಿಕ್ಕು, ಅದೂ ಒಳ್ಳೆಯದೇ. ಮಕ್ಕಳು ಬೇಯಬಾರದು” ಎಂದರು. ನನ್ನ ಎದೆಯ ಮೇಲಿನ ಒಂದು ಭಾರ ಇಳಿಯಿತು.

ನೆರಳಿನ ವಿಚಾರವನ್ನು ನಾವಿಬ್ಬರೂ ಜಗಳವಾಡಿಯೇ ಇತ್ಯರ್ಥ ಮಾಡಿಕೊಂಡೆವು. ಇವರಿಗೆ ಹೊಸ ಮನೆ ಬೇಕು: ದಪ್ಪ ಗೋಡೆ, ಹೊಸ ಎಸಿ, ಕಡಿಮೆ ಕರೆಂಟು. ನನಗೆ ಮರ ಬೇಕು. ಮಗಳು ಶಾಲೆಯಿಂದ ಮಧ್ಯಾಹ್ನ ಮೂರರ ಹೊತ್ತಿಗೆ ನಡೆದು ಬರಬೇಕು; ಅಲ್ಲಿ ಶಾಲೆ ಶುರುವಾಗುವುದು ಜುಲೈ ಮೂರನೆಯ, ನಾಲ್ಕನೆಯ ವಾರದಲ್ಲಿ, ಬೆಂಕಿಯಂಥ ಬಿಸಿಲಿನಲ್ಲಿ. ಉಪಗ್ರಹ ಚಿತ್ರದಲ್ಲಿ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಬೆರಳಿನಲ್ಲಿ ಹಿಂಬಾಲಿಸಿ ಎಲ್ಲಿ ಹಸಿರಿದೆ, ಎಲ್ಲಿ ಬರೀ ಬೂದು ಬಣ್ಣವಿದೆ ಎಂದು ನೋಡುತ್ತಿದ್ದೆ. ಹೊಸ ಬಡಾವಣೆಗಳಲ್ಲಿ ಗಿಡಗಳು ನನ್ನ ಸೊಂಟದೆತ್ತರ. ಚಾಂಡ್ಲರ್‌ನ ಪಶ್ಚಿಮ ಭಾಗ, ಟೆಂಪಿಯ ದಕ್ಷಿಣ ಭಾಗ, ಅದಕ್ಕೆ ಹೊಂದಿಕೊಂಡ ಅವಟೂಕಿ ಕಡೆ ಮೂವತ್ತು ನಲವತ್ತು ವರ್ಷ ಹಳೆಯ ಮನೆಗಳ ನಡುವೆ ಬೆಳೆದ ಮರಗಳಿದ್ದವು. ಕಾಫಿಯನ್ನು ನೆರಳಿನಲ್ಲಿ ಬೆಳೆಸುವ ಮನೆಯವಳು ನಾನು. ಈ ಒಂದು ವಿಷಯದಲ್ಲಿ ಸೋಲಲು ನನಗೆ ಸಾಧ್ಯವಿರಲಿಲ್ಲ. ಕೊನೆಗೆ ಇವರೇ ಒಂದು ಮಧ್ಯಾಹ್ನ ಎರಡೂ ಕಡೆ ಕಾರು ನಿಲ್ಲಿಸಿ ನಡೆದು ನೋಡಿ, ನೀನು ಹೇಳಿದ ಕಡೆಯೇ ನೋಡೋಣ ಎಂದರು.

ಈಜುಕೊಳವಿದ್ದ ಮನೆಗಳನ್ನು ನೋಡದೆಯೇ ಬಿಟ್ಟೆವು. ಆರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಕೊಳಕ್ಕೆ ಐದು ಅಡಿ ಎತ್ತರದ ತಡೆ ಇರಲೇಬೇಕೆಂದು ಅರಿಜೋನಾ ಕಾನೂನು ಹೇಳುತ್ತದೆ. ಬೇಲಿ ಇದ್ದರೂ ನನ್ನ ಮಗನ ಸ್ವಭಾವಕ್ಕೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಚೇಳಿನ ವಿಷಯ ಮಾತ್ರ ನಾವು ಎಣಿಸಿಯೇ ಇರಲಿಲ್ಲ. ಅಲ್ಲಿನ ಮರುಭೂಮಿಯಲ್ಲಿ ತೊಗಟೆಚೇಳು ಎನ್ನಬಹುದಾದ ಒಂದು ಜಾತಿ ಇದೆ. ಬೆರಳುದ್ದವೂ ಇಲ್ಲ, ತಿಳಿಹಳದಿ ಬಣ್ಣ, ಕಚ್ಚಿದರೆ ಚಿಕ್ಕ ಮಕ್ಕಳಿಗೆ ಅಪಾಯ. ನೇರಳಾತೀತ ಬೆಳಕು ಬಿದ್ದರೆ ಚೇಳಿನ ಮೈ ಹೊಳೆಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿ ತಮ್ಮ ಟಾರ್ಚ್ ಕೊಟ್ಟರು. ಅವಟೂಕಿಯ ಬೆಟ್ಟದಂಚಿನಲ್ಲಿ ನಮಗೆ ಬಹಳ ಹಿಡಿಸಿದ್ದ ಮನೆಯೊಂದಕ್ಕೆ ಇವರು ರಾತ್ರಿ ಎಂಟೂವರೆಗೆ ಅನುಮತಿ ಕೇಳಿಕೊಂಡು ಹೋದರು. ನಮಗಾಗ ಬೆಳಗಿನ ಒಂಬತ್ತು. ಕಣದಲ್ಲಿ ಅತ್ತೆ, ಮಾವ, ಮಕ್ಕಳು, ಕೆಲಸದ ಇಬ್ಬರು ಹೆಂಗಸರು, ಎಲ್ಲರೂ ನನ್ನ ಫೋನಿನ ಸುತ್ತ. ಕಪ್ಪು ಪರದೆಯ ಮೇಲೆ ಸಿಮೆಂಟ್ ಇಟ್ಟಿಗೆಯ ಕಾಂಪೌಂಡು ನೇರಳೆಯಾಗಿ ಸರಿಯುತ್ತಿತ್ತು. ಇಟ್ಟಿಗೆಯ ಸಂದಿನಲ್ಲಿ ಒಂದು ಪುಟ್ಟ ಹಸಿರು ಹೊಳಪು, ಬಾಲ ಸುರುಳಿ. ಮೂರು ಹೆಜ್ಜೆ ಆಚೆ ಇನ್ನೊಂದು. ನೀರಿನ ಕೊಳವೆಯ ಬಳಿ ಮತ್ತೆರಡು. ಮಗಳು ನನ್ನ ಸೆರಗು ಹಿಡಿದುಕೊಂಡಳು. ಅತ್ತೆ ಒಂದೇ ಮಾತು ಹೇಳಿದರು: “ಆ ಮನೆ ಬೇಡ.” ಬೆಟ್ಟಕ್ಕೆ, ಮರುಭೂಮಿಯ ಮೀಸಲು ಪ್ರದೇಶಕ್ಕೆ ತಾಗಿಕೊಂಡ ಬೀದಿಗಳಲ್ಲಿ ಇದು ಹೆಚ್ಚು. ಒಂದೆರಡು ಮೈಲಿ ಒಳಗಿನ ಬೀದಿಯಲ್ಲಿ ಅದೇ ಟಾರ್ಚ್ ಹಿಡಿದು ಸುತ್ತಿದಾಗ ಏನೂ ಕಾಣಲಿಲ್ಲ. ಟಾರ್ಚ್‌ನ ಬೆಲೆ ಹೆಚ್ಚೇನಿಲ್ಲ. ಮನೆ ಒಪ್ಪುವ ಮೊದಲು ಒಂದು ರಾತ್ರಿ ಹಿಡಿದು ನೋಡಿ. ಚಳಿಗಾಲದಲ್ಲಿ ಮಾತ್ರ ಇದರಿಂದ ಏನೂ ತಿಳಿಯುವುದಿಲ್ಲ, ಆಗ ಅವು ಅಡಗಿರುತ್ತವೆ.

ಇನ್ನು ಶಾಲೆ. ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಶಾಲಾ ಜಿಲ್ಲೆಗಳು, ಅವುಗಳ ಗಡಿಗೂ ಊರಿನ ಗಡಿಗೂ ತಾಳೆಯಾಗುವುದಿಲ್ಲ. ಗಿಲ್ಬರ್ಟ್‌ನ ಕೆಲವು ಮನೆಗಳು ಚಾಂಡ್ಲರ್ ಶಾಲಾ ಜಿಲ್ಲೆಗೆ ಸೇರುತ್ತವೆ. ಚಾಂಡ್ಲರ್‌ನ ಪಶ್ಚಿಮ ಭಾಗ ಎಂಟನೆಯ ತರಗತಿವರೆಗೆ ಕೈರೀನ್ ಜಿಲ್ಲೆಗೆ, ಪ್ರೌಢಶಾಲೆಗೆ ಟೆಂಪಿ ಯೂನಿಯನ್ ಜಿಲ್ಲೆಗೆ ಸೇರುತ್ತದೆ. ಪ್ರತಿ ಜಿಲ್ಲೆಯ ಜಾಲತಾಣದಲ್ಲೂ ಮನೆಯ ವಿಳಾಸ ಹಾಕಿದರೆ ಯಾವ ಶಾಲೆ ಎಂದು ತೋರಿಸುವ ಸೌಲಭ್ಯವಿದೆ. ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರನ್ನು ನೆಚ್ಚದೆ ಅಲ್ಲಿ ನೋಡಿ. ಇನ್ನೊಂದನ್ನೂ ವಿಚಾರಿಸಿ: ಆ ಶಾಲೆ ಮುಂದೆ ಇರುತ್ತದೆಯೇ? ಮಕ್ಕಳ ಸಂಖ್ಯೆ ಇಳಿಯುತ್ತಿರುವುದರಿಂದ ಹಳೆಯ ಬಡಾವಣೆಗಳಲ್ಲಿ ಶಾಲೆಗಳನ್ನು ಮುಚ್ಚುತ್ತಿದ್ದಾರೆ. ಫೀನಿಕ್ಸ್‌ನ ಉತ್ತರ ಭಾಗದ ಪ್ಯಾರಡೈಸ್ ವ್ಯಾಲಿ ಶಾಲಾ ಜಿಲ್ಲೆ 2024ರಲ್ಲಿ ಮೂರು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಮರ ಬೇಕೆಂದು ಹಳೆಯ ಬಡಾವಣೆ ಹಿಡಿಯುವವರು ಈ ಪ್ರಶ್ನೆಯನ್ನು ಬಿಡಲೇಬಾರದು. ಬೇರೆ ಜಿಲ್ಲೆಯ ಶಾಲೆಯಲ್ಲಿ ಜಾಗವಿದ್ದರೆ ಶುಲ್ಕವಿಲ್ಲದೆ ಸೇರುವ ಮುಕ್ತ ಪ್ರವೇಶದ ವ್ಯವಸ್ಥೆ ಅರಿಜೋನಾದಲ್ಲಿದೆ ಎಂಬುದು ಸಮಾಧಾನದ ಸಂಗತಿ.

ಶಾಲೆಗೆ ಸೇರಿಸಲು ಬೇಕಾದದ್ದು ಜನನ ಪ್ರಮಾಣಪತ್ರ, ವಾಸದ ಪುರಾವೆ, ಲಸಿಕೆಯ ದಾಖಲೆ. ಬಹಳ ದಿನ ತಿಂದದ್ದು ಈ ಲಸಿಕೆಯೇ. ಇಬ್ಬರು ಮಕ್ಕಳಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಚುಚ್ಚುಮದ್ದೂ ತಪ್ಪದೆ ಹಾಕಿಸಿದ್ದೆವು, ತಾಯಿ ಕಾರ್ಡ್ ಜೋಪಾನವಾಗಿತ್ತು. ಆದರೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವು ಸೇರಿಲ್ಲ, ಸೀತಾಳೆ ಸಿಡುಬಿನ ಲಸಿಕೆಯೂ ಇಲ್ಲ. ಅರಿಜೋನಾ ಶಾಲೆಗಳಿಗೆ ಇವೆರಡೂ ಬೇಕು. ಜೊತೆಗೆ, ಮಗುವಿಗೆ ಒಂದು ವರ್ಷ ತುಂಬುವ ಮೊದಲು ಹಾಕಿದ ದಡಾರದ ಲಸಿಕೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಮೊದಲನೆಯದನ್ನು ಹಾಕುವುದೇ ಒಂಬತ್ತನೆಯ ತಿಂಗಳಿನಲ್ಲಿ. ಕುಶಾಲನಗರದ ಮಕ್ಕಳ ವೈದ್ಯರೊಬ್ಬರು ತಾಳ್ಮೆಯಿಂದ ಎಲ್ಲವನ್ನೂ ನೋಡಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ್ದು) ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು ಒಂದೇ ದಿನ ಹಾಕಿ, 28 ದಿನ ಕಳೆದ ಮೇಲೆ ಎಂಎಂಆರ್‌ನ ಎರಡನೆಯ ಸರದಿ ಮುಗಿಸಿದರು. ಇವೆರಡನ್ನು ಒಂದೇ ದಿನ ಹಾಕದಿದ್ದರೆ ನಡುವೆ 28 ದಿನ ಬಿಡಬೇಕು. ಹೊರಡುವ ವಾರದಲ್ಲಿ ಎಚ್ಚೆತ್ತುಕೊಂಡರೆ ದಾರಿಯಿಲ್ಲ. ಇಬ್ಬರಿಗೂ ಸೇರಿ ಎಂಟು ಸಾವಿರ ರೂಪಾಯಿ ದಾಟಿತು. ಮಗಳಿಗೆ ಹತ್ತು ವರ್ಷವಾದ್ದರಿಂದ ಅಷ್ಟಕ್ಕೇ ಮುಗಿಯಿತು, ಹನ್ನೊಂದು ತುಂಬಿದವರಿಗೆ ಇನ್ನೂ ಎರಡು ಲಸಿಕೆ ಕೇಳುತ್ತಾರೆ.

ದಿನಾಂಕದ ತೊಡಕೂ ಇದೆ. ತಾಯಿ ಕಾರ್ಡಿನಲ್ಲಿ 05/07 ಎಂದು ಬರೆದದ್ದನ್ನು ಅಲ್ಲಿಯವರು ಮೇ 7 ಎಂದು ಓದುತ್ತಾರೆ, ನಾವು ಜುಲೈ 5 ಎನ್ನುತ್ತೇವೆ. ತೇವಕ್ಕೆ ಶಾಯಿ ಹರಡಿದ್ದ ಜಾಗಗಳು ಬೇರೆ. ವೈದ್ಯರು ತಮ್ಮ ಲೆಟರ್‌ಹೆಡ್‌ನಲ್ಲಿ ಎಲ್ಲ ಲಸಿಕೆಯನ್ನೂ ಇಂಗ್ಲಿಷಿನಲ್ಲಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಸಹಿ, ಮೊಹರು ಹಾಕಿಕೊಟ್ಟರು. ಶಾಲೆಯಲ್ಲಿ ಆ ಒಂದು ಹಾಳೆಯೇ ಕೆಲಸ ಮಾಡಿತು. ಅದಕ್ಕೆ ಹೋಲಿಸಿದರೆ ವರ್ಗಾವಣೆ ಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಓಡಾಡಿದ್ದು ವ್ಯರ್ಥ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ, ಅಂಕಪಟ್ಟಿ ಸಾಕಾಯಿತು. ಆದರೂ ಮುಂದೊಂದು ದಿನ ಹಿಂತಿರುಗಿದರೆ ಬೇಕಾದೀತೆಂದು ತೆಗೆದಿಟ್ಟುಕೊಳ್ಳಿ. ಮಕ್ಕಳ ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಕುಲನಾಮ ಎರಡೂ ಜಾಗಗಳು ತುಂಬಿವೆಯೇ ಎಂದೂ ನೋಡಿ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ರೂಢಿಯಿಂದ ಒಂದು ಜಾಗ ಖಾಲಿಯಿದ್ದರೆ ಮುಂದಿನ ಪ್ರತಿ ಕಾಗದದಲ್ಲೂ ತಕರಾರು. ವೀಸಾ ಸಂದರ್ಶನ ಚೆನ್ನೈನಲ್ಲಿ ಆಯಿತು. ಒಬ್ಬೊಬ್ಬರಿಗೆ 205 ಡಾಲರ್ ಶುಲ್ಕ, ಕಾಯುವುದೇ ದೊಡ್ಡ ಕೆಲಸ, ಮಾತುಕತೆ ಕ್ಷಣಮಾತ್ರ. ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ಮನೆಯ ಕರಾರಿಗೆ ಬರೋಣ. ಬಾಡಿಗೆಯ ಮೂರು ಪಟ್ಟು ಸಂಬಳವಿದೆಯೇ, ಕ್ರೆಡಿಟ್ ಸ್ಕೋರ್ (ಹಿಂದಿನ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹೊಸಬರಿಗೆ ಸ್ಕೋರ್ ಎಲ್ಲಿಂದ ಬರಬೇಕು? ಈ ಒಂದೇ ಕಾರಣಕ್ಕೆ ಕೈತಪ್ಪಿದ ಮನೆಗಳಿವೆ. ಅರ್ಜಿಗೆಂದು ಕೊಟ್ಟ 50 ಡಾಲರ್ ಹಿಂದೆ ಬರುವುದಿಲ್ಲ. ಅರ್ಜಿ ಹಾಕುವ ಮೊದಲೇ ಸ್ಕೋರ್ ಇಲ್ಲದವರಿಗೆ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಿ. ಅರಿಜೋನಾ ಕಾನೂನಿನಂತೆ ಮನೆಯವರು ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡವನ್ನು ಕೇಳುವಂತಿಲ್ಲ. ಆದರೆ ಬಾಡಿಗೆದಾರ ತಾನಾಗಿ ಹೆಚ್ಚು ಕೊಡಬಹುದು. ಇವರು ಕಂಪನಿಯ ಪತ್ರ ತೋರಿಸಿ ಎರಡು ತಿಂಗಳ ಬಾಡಿಗೆಯನ್ನು ಮೊದಲೇ ಕೊಡುತ್ತೇನೆಂದ ಮೇಲೆ ಒಬ್ಬ ಮಾಲೀಕರು ಒಪ್ಪಿದರು.

ಅದಕ್ಕೂ ಮೊದಲು ಒಂದು ಮೋಸದಿಂದ ಪಾರಾದೆವು. ದಕ್ಷಿಣ ಟೆಂಪಿಯ ಮನೆಯೊಂದು ಸುತ್ತಲಿನ ಬಾಡಿಗೆಯ ಅರ್ಧಕ್ಕೆ ಜಾಹೀರಾತಿನಲ್ಲಿತ್ತು. ಮಾಲೀಕ ವಿದೇಶದಲ್ಲಿದ್ದಾನೆ, ಹಣ ಕಳಿಸಿದರೆ ಬೀಗದ ಸಂಖ್ಯೆ ಕೊಡುತ್ತೇನೆ ಎಂಬ ಸಂದೇಶ. ಇಲ್ಲಿ ಪಹಣಿಯನ್ನು ಜಾಲತಾಣದಲ್ಲಿ ನೋಡುತ್ತೇವಲ್ಲ, ಅಲ್ಲೂ ಹಾಗೆಯೇ ಇರಬಹುದೆಂದು ಹುಡುಕಿದೆ. ಮಾರಿಕೋಪಾ ಕೌಂಟಿಯ ಆಸ್ತಿ ತೆರಿಗೆ ಅಧಿಕಾರಿಯ ಜಾಲತಾಣದಲ್ಲಿ ವಿಳಾಸ ಹಾಕಿದರೆ ಮಾಲೀಕರ ಹೆಸರು ಉಚಿತವಾಗಿ ಸಿಗುತ್ತದೆ. ಹೆಸರು ಬೇರೆಯೇ ಇತ್ತು. ಆ ಮನೆ ಮಾರಾಟಕ್ಕಿತ್ತು, ಚಿತ್ರಗಳನ್ನು ಯಾರೋ ಕದ್ದಿದ್ದರು. ಸೋಮವಾರಪೇಟೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸ ಇದು. ಹಣ ಕಳಿಸುವ ಮೊದಲು ತಪ್ಪದೆ ಮಾಡಿ.

ನಾವು ಹಿಡಿದದ್ದು ಪಶ್ಚಿಮ ಚಾಂಡ್ಲರ್‌ನಲ್ಲಿ, ಉತ್ತರ ಬಾಗಿಲಿನ ಮೂರು ಕೋಣೆಯ ಮನೆ. ತಿಂಗಳಿಗೆ 2,400 ಡಾಲರ್. ಶಾಲೆಗೆ ನಡಿಗೆಯ ದೂರ, ದಾರಿಯ ಬಹುಪಾಲು ನೆರಳು. ಕರಾರಿನ ಮೊದಲ ಪ್ರತಿಯಲ್ಲಿ ಬಾಡಿಗೆಯ ಮೇಲೆ ನಗರ ತೆರಿಗೆ ಸೇರಿಸಿದ್ದರು. ವಾಸದ ಮನೆಗಳ ಬಾಡಿಗೆಗೆ ಆ ತೆರಿಗೆ 2025ರ ಜನವರಿ 1ರಿಂದ ರದ್ದಾಗಿದೆ ಎಂದು ತೋರಿಸಿದಾಗ ತೆಗೆದರು. ಶುಚಿಗೊಳಿಸುವ ಶುಲ್ಕ ಹಿಂದಿರುಗುವುದಿಲ್ಲವೆಂದು ಬರಹದಲ್ಲಿ ಇಲ್ಲದಿದ್ದರೆ ಅದು ಹಿಂದಿರುಗಬೇಕಾದ ಹಣವೇ. ಕರಾರಿನಲ್ಲಿ ಹೆಂಡತಿಯ ಹೆಸರನ್ನೂ ಬರೆಸಿ. ಶಾಲೆಗೆ ವಾಸದ ಪುರಾವೆ ಕೊಡಲು ನಾನು ಹೋದಾಗ ಅದರಿಂದಲೇ ಕೆಲಸ ಸಲೀಸಾಯಿತು.

ಜುಲೈ ಮೊದಲ ವಾರ ಬಂದಿಳಿದೆವು. ನಮ್ಮೂರಿನಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಹರವುತ್ತಿದ್ದ ಕಾಲ. ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಮಗ ಮೊದಲ ದಿನಗಳಲ್ಲಿ ಹೊರಗೆ ಕಾಲಿಡಲು ಅತ್ತುಬಿಟ್ಟ. ನನಗೂ ಅಳು ಬಂತು. ಬೆಳಗಿನ ಐದೂವರೆಗೆ ಎದ್ದು ಮರಗಳ ಕೆಳಗೆ ನಡೆಯಲು ಶುರು ಮಾಡಿದ ಮೇಲೆ ಸ್ವಲ್ಪ ಹಿಡಿತಕ್ಕೆ ಬಂತು.

ಎರಡನೆಯ ಶನಿವಾರ ಮಧ್ಯಾಹ್ನ ಎಸಿ ನಿಂತಿತು. ಒಂದು ಗಂಟೆಯೊಳಗೆ ಮನೆಯ ಒಳಗಿನ ಉಷ್ಣಾಂಶ 34 ದಾಟಿತು. ಮನೆ ನೋಡಿಕೊಳ್ಳುವ ಏಜೆಂಟ್ ಸೋಮವಾರ ನೋಡೋಣ ಎಂದರು. ತಂಪು ಮಾಡುವ ವ್ಯವಸ್ಥೆ ಇಲ್ಲಿ ನೀರು, ಕರೆಂಟಿನಂತೆಯೇ ಮಾಲೀಕರು ಒದಗಿಸಲೇಬೇಕಾದ ಸೇವೆ. ಲಿಖಿತವಾಗಿ ತಿಳಿಸಿದ ಮೇಲೂ ಒದಗಿಸದಿದ್ದರೆ ಬಾಡಿಗೆದಾರರು ಬೇರೆ ವ್ಯವಸ್ಥೆ ಮಾಡಿಕೊಂಡು ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಕಾನೂನಿನಲ್ಲಿ ಅವಕಾಶವಿದೆ. ಇವರು ಇದನ್ನು ಬರೆದು ಇಮೇಲ್ ಕಳಿಸಿದರು. ಅಂದು ರಾತ್ರಿ ನಾವು ಗಿಲ್ಬರ್ಟ್‌ನಲ್ಲಿರುವ ದಾವಣಗೆರೆ ಕಡೆಯ ಕುಟುಂಬವೊಂದರ ಮನೆಯಲ್ಲಿ ಮಲಗಿದೆವು. ಅಷ್ಟು ಹೊತ್ತಿನಲ್ಲಿ ಅನ್ನ ಸಾರು ಮಾಡಿ ಕಾದಿದ್ದ ಆ ಅಕ್ಕನ ಋಣ ದೊಡ್ಡದು. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದು ಹೊರಗಿನ ಯಂತ್ರದ ಕೆಪಾಸಿಟರ್ ಬದಲಿಸಿದ. ಈ ಬಿಸಿಲಿಗೆ ಅದು ಪದೇ ಪದೇ ಸುಡುವ ಬಿಡಿಭಾಗವಂತೆ. ಖರ್ಚು ಮಾಲೀಕರದೇ.

ಎಸಿಯ ಹೊರಗಿನ ಪೆಟ್ಟಿಗೆಗೆ ಒಂದು ಲೋಹದ ಪಟ್ಟಿ ಅಂಟಿಸಿರುತ್ತಾರೆ, ಅದರಲ್ಲಿ ತಯಾರಾದ ವರ್ಷ ಇರುತ್ತದೆ. ನಮ್ಮದು 2011ರದು. ಮನೆ ನೋಡಲು ಹೋದಾಗ ಅದರ ಚಿತ್ರ ತೆಗೆದುಕೊಳ್ಳಿ, ಹತ್ತು ಹನ್ನೆರಡು ವರ್ಷ ದಾಟಿದ್ದರೆ ಕೆಟ್ಟಾಗ ಎಷ್ಟು ಗಂಟೆಯೊಳಗೆ ಸರಿಪಡಿಸುತ್ತಾರೆಂದು ಕರಾರಿನಲ್ಲೇ ಬರೆಸಿ. ನಾವು ಮುಂದಿನ ಏಪ್ರಿಲ್‌ನಲ್ಲಿ ಕರಾರು ಹೊಸದು ಮಾಡುವಾಗ ಆ ಸಾಲನ್ನು ಸೇರಿಸುವಂತೆ ಈಗಾಗಲೇ ಕೇಳಿದ್ದೇವೆ.